ಹುಳುಕಿಲ್ಲದ ಹಲ್ಲು ಸತ್ತಿದ್ದು ಹೇಗೆ?

ನನ್ನ ಮೇಜಿನ ಖಾನೆಯಲ್ಲಿ ಪುಟ್ಟ ಗಾಜಿನ ಡಬ್ಬಿಯೊಂದಿದೆ. ಅದರೊಳಗೆ ಕೆಳದವಡೆಯ ಒಂದು ಹಲ್ಲು. ಮೇಲಿನಿಂದ ನೋಡಿದರೆ ಅದಕ್ಕೆ ಯಾವ ಊನವೂ ಇಲ್ಲ. ಜಗಿಯುವ ಮೇಲ್ಮೈಯ ಗೀರುಗಳಲ್ಲಿ ಎಲೆ-ಅಡಿಕೆಯ ಕಂದು ಕರೆ ಇದೆ, ಅಷ್ಟೇ, ಸೂಜಿಮೊನೆಯಷ್ಟೂ ಹುಳುಕಿಲ್ಲ. ಹಲ್ಲನ್ನು ತಲೆಕೆಳಗು ಮಾಡಿ ಹಿಡಿದರೆ ನೋಟವೇ ಬೇರೆ. ಕವೆಗೋಲಿನಂತೆ ಇಬ್ಭಾಗವಾದ ಬೇರುಗಳು. ಆ ಕವಲಿನ ಸಂದಿಯ ತುಂಬ ಕಪ್ಪು-ಹಸಿರು ಗಾರೆ, ಮಳೆಗಾಲ ಕಳೆದ ಮೇಲೆ ಪಾಗಾರದ ಕಲ್ಲಿಗೆ ಒಣಗಿ ಕಚ್ಚಿಕೊಂಡ ಪಾಚಿಯ ಹಾಗೆ. ಹಿಂದಿನ ಬೇರಿನ ಒಂದು ಮಗ್ಗುಲಲ್ಲಿ ಆ ಗಾರೆ ತುದಿಯವರೆಗೂ ಇಳಿದಿದೆ. ಉಗುರಿನಿಂದ ಕೆರೆದರೆ ಏಳುವುದಿಲ್ಲ.

ಆ ಹಲ್ಲಿನ ಒಡತಿ ಐವತ್ತು ದಾಟಿದ ತಾಯಿ. ಒಂದು ಬೆಳಗ್ಗೆ ಸೆರಗಿನಿಂದ ಕೆನ್ನೆ ಒತ್ತಿ ಹಿಡಿದುಕೊಂಡು ಬಂದಿದ್ದರು. ಮೂರು ರಾತ್ರಿ ನಿದ್ದೆಯಿಲ್ಲ, ಅನ್ನ ಜಗಿಯಲಾಗದೆ ಗಂಜಿ ಕುಡಿದು ಕಾಲ ಹಾಕಿದ್ದರು. ಪರೀಕ್ಷೆ ಮುಗಿಸಿ, "ಈ ಹಲ್ಲಿನ ನರ ಸತ್ತಿದೆಯಮ್ಮಾ, ಬೇರಿನ ಸುತ್ತ ಮೂಳೆಯೂ ಉಳಿದಿಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೂ ಹುಳುಕಿಲ್ಲ ಅಂತೀರಿ. ಮತ್ತೆ ನರ ಹೆಂಗೆ ಸತ್ತೋಯ್ತು ಡಾಕ್ಟ್ರೇ?" ಎಂದು ಕೇಳಿದರು.

ಇಷ್ಟು ನೇರವಾದ ಪ್ರಶ್ನೆಗೆ ಕುರ್ಚಿಯ ಪಕ್ಕ ನಿಂತು ಎರಡು ನಿಮಿಷದಲ್ಲಿ ಹೇಳುವ ಉತ್ತರ ಸಾಲದು. ಹಲ್ಲಿನ ನರ ಸಾಯುವುದು ಹುಳುಕಿನಿಂದ ಎಂದೇ ನಾವೆಲ್ಲ ತಿಳಿದಿದ್ದೇವೆ. ಹುಳುಕು ಮೇಲಿನಿಂದ ಕೆಳಕ್ಕೆ ಕೊರೆಯುತ್ತದೆ, ಕಪ್ಪಾಗುತ್ತದೆ, ಕಣ್ಣಿಗೆ ಬೀಳುತ್ತದೆ. ಒಸಡಿನ ದಾರಿ ಹಿಡಿದು ಬರುವ ಸಾವು ಹಾಗಲ್ಲ. ಅದು ಕೆಳಗಿನಿಂದ, ಪಕ್ಕದಿಂದ, ಸದ್ದಿಲ್ಲದೆ ಬರುತ್ತದೆ.

ಜನ 'ನರ' ಎನ್ನುವುದನ್ನು ಪಠ್ಯಪುಸ್ತಕ 'ದಂತಮಜ್ಜೆ' ಎನ್ನುತ್ತದೆ. ನನಗೆ 'ತಿರುಳು' ಎಂಬ ಮಾತೇ ಹತ್ತಿರ. ಹಲ್ಲಿನ ನಡುವಿನ ಸಣ್ಣ ಕೋಣೆಯಲ್ಲಿ ಮತ್ತು ಬೇರುಗಳ ನಾಳಗಳಲ್ಲಿ ತುಂಬಿಕೊಂಡಿರುವ ಗುಲಾಬಿ ಬಣ್ಣದ ಮೆತ್ತನೆಯ ಅಂಗಾಂಶ ಅದು. ನರದ ಎಳೆಗಳು ಅದರಲ್ಲಿವೆ ನಿಜ, ಜೊತೆಗೆ ರಕ್ತನಾಳಗಳಿವೆ, ಹಲ್ಲಿನ ಗೋಡೆಯನ್ನು ಒಳಗಿನಿಂದ ಕಟ್ಟುತ್ತಲೇ ಇರುವ ಜೀವಕೋಶಗಳಿವೆ. ಈ ಕೋಣೆಗೆ ಕಿಟಕಿಯಿಲ್ಲ. ಅನ್ನ-ನೀರು ಬಹುತೇಕ ಬೇರಿನ ತುದಿಯ ರಂಧ್ರದ ಮೂಲಕವೇ ಒಳಬರಬೇಕು. ಆ ರಂಧ್ರದ ಅಗಲ ಹೆಚ್ಚುಕಡಿಮೆ ಮಿಲಿಮೀಟರಿನ ಕಾಲು ಭಾಗ. ಸಾಸಿವೆ ಕಾಳೂ ಅದರಲ್ಲಿ ತೂರದು. ಒಂದು ಇಡೀ ಅಂಗಾಂಶದ ಬದುಕು ಅಷ್ಟು ಕಿರಿದಾದ ಬಾಗಿಲನ್ನು ನಂಬಿಕೊಂಡಿದೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಆ ಬಾಗಿಲಿನದೇ.

ಬೇರಿನ ಹೊರಗೆ ಇನ್ನೊಂದು ಲೋಕ. ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿ.ಮೀ. ದಪ್ಪದ ನಾರಿನ ಪದರವಿದೆ. ಹಲ್ಲು ಈ ನಾರುಗಳಲ್ಲಿ ತೂಗಿಕೊಂಡಿದೆ. ಆದ್ದರಿಂದಲೇ ಗಟ್ಟಿ ಚಕ್ಕುಲಿ ಕಡಿದಾಗ ಹಲ್ಲು ಕೂದಲೆಳೆಯಷ್ಟು ತಗ್ಗಿ ಮತ್ತೆ ಏಳುತ್ತದೆ. ಈ ನಾರುಗಳನ್ನು ಬೇರಿಗೆ ಹಿಡಿಸಿರುವುದು ಸಿಮೆಂಟಮ್ ಎಂಬ ತೆಳ್ಳನೆಯ ಲೇಪ. ಹಲ್ಲಿನ ಕುತ್ತಿಗೆಯ ಬಳಿ ಅದರ ದಪ್ಪ 20ರಿಂದ 50 ಮೈಕ್ರಾನ್ ಮಾತ್ರ, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ.

ಒಸಡಿನ ರೋಗ ಮುರಿಯುವುದು ಈ ಲೋಕವನ್ನು. ಹಲ್ಲಿಗೂ ಒಸಡಿಗೂ ನಡುವೆ ಎಲ್ಲರಿಗೂ ಒಂದು ಸಣ್ಣ ಸಂದಿಯಿರುತ್ತದೆ. 1ರಿಂದ 3 ಮಿ.ಮೀ. ಆಳವಿದ್ದರೆ ಅದು ಸಹಜ. ಅಲ್ಲಿ ದಿನವೂ ಬ್ಯಾಕ್ಟೀರಿಯಾಗಳ ಪಾಚಿ ಕೂರುತ್ತದೆ. ಈ ಪಾಚಿಯನ್ನು ಮೊದಲು ಕಣ್ಣಾರೆ ಕಂಡವನು ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹುಕ್. 1683ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿ ಲೋಳೆಯನ್ನು ತಾನೇ ಮಾಡಿದ ಮಸೂರದಡಿ ಇಟ್ಟು, ಅದರಲ್ಲಿ ಓಡಾಡುವ ಸೂಕ್ಷ್ಮ ಜೀವಿಗಳನ್ನು ನೋಡಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಪಾಚಿ ಉಜ್ಜಿ ಹೋಗದಿದ್ದರೆ ಎಂಜಲಿನ ಸುಣ್ಣದಂಶ ಕೂಡಿ ಗಾರೆಯಾಗುತ್ತದೆ. ದೇಹ ಸುಮ್ಮನಿರುವುದಿಲ್ಲ, ಅಲ್ಲಿಗೆ ಸೇನೆ ಕಳಿಸುತ್ತದೆ. ಆ ಯುದ್ಧದಲ್ಲಿ ನಾರುಗಳು ಕರಗುತ್ತವೆ, ಮೂಳೆ ಹಿಂದೆ ಸರಿಯುತ್ತದೆ. ಸಂದಿ 4, 5, 7 ಮಿ.ಮೀ. ಆಳದ ಚೀಲವಾಗುತ್ತದೆ. ನೋವು ಮಾತ್ರ ಇರುವುದಿಲ್ಲ. ಉಜ್ಜುವಾಗ ಪೇಸ್ಟಿನ ನೊರೆ ಕೆಂಪಾದೀತು, ಬೆಳಗ್ಗೆ ಬಾಯಿ ನಾತ ಬಂದೀತು, ಅಷ್ಟೇ. ಬೀಡಿ ಸೇದುವವರಲ್ಲಿ ಎಚ್ಚರಿಕೆಯ ಆ ಕೆಂಪೂ ಮಂಕಾಗುವುದುಂಟು. ಬೀಡಿ ಸೇದುವವರ ಒಸಡು ಒಳಗೆ ಎಷ್ಟು ಕೆಟ್ಟರೂ ಹೊರಗೆ ಅಷ್ಟು ರಕ್ತ ಬಸಿಯುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಮೂಳೆ ಕರಗುವ ವೇಗ ಹೆಚ್ಚು. ತೀವ್ರ ಹಂತದ ಒಸಡು ರೋಗವಿರುವವರು ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಅಂದಾಜಿಸಿದೆ.

ಮುಂದಿನ ಹಲ್ಲುಗಳಿಗೆ ಸಾಮಾನ್ಯವಾಗಿ ಒಂದೊಂದೇ ಬೇರು. ದವಡೆ ಹಲ್ಲಿಗೆ ಹಾಗಲ್ಲ. ಕೆಳಗಿನದಕ್ಕೆ ಎರಡು, ಮೇಲಿನದಕ್ಕೆ ಮೂರು. ಹಲ್ಲಿನ ಕುತ್ತಿಗೆಯಿಂದ ಸುಮಾರು 3ರಿಂದ 5 ಮಿ.ಮೀ. ಕೆಳಗೆ ಬೇರುಗಳು ಕವಲೊಡೆಯುತ್ತವೆ. ಮೂಳೆ ಅಷ್ಟು ಕರಗಿತೆಂದರೆ ಪಾಚಿ ಆ ಕವಲಿನ ಗವಿಗೆ ನುಗ್ಗಿತೆಂದೇ ಅರ್ಥ. ಒಮ್ಮೆ ನುಗ್ಗಿದ ಮೇಲೆ ಅದನ್ನು ಹೊರಹಾಕುವುದು ಬಹಳ ಕಷ್ಟ. 1979ರಲ್ಲಿ ಬೋವರ್ ಎಂಬ ದಂತತಜ್ಞ ಮೊದಲನೇ ದವಡೆ ಹಲ್ಲುಗಳ ಕವಲಿನ ಬಾಯಿಯನ್ನು ಅಳೆದು ನೋಡಿದರು. ನೂರಕ್ಕೆ 81 ಕಡೆ ಅದರ ಅಗಲ 1 ಮಿ.ಮೀ. ಅಥವಾ ಅದಕ್ಕೂ ಕಡಿಮೆ. 58 ಕಡೆ ಮುಕ್ಕಾಲು ಮಿಲಿಮೀಟರನ್ನೂ ದಾಟಿರಲಿಲ್ಲ. ನಾವು ಬೇರು ಕೆರೆಯಲು ಬಳಸುವ ಕ್ಯುರೆಟ್ ಎಂಬ ಸಲಕರಣೆಯ ಅಲಗೇ ಸಾಮಾನ್ಯವಾಗಿ ಮುಕ್ಕಾಲು ಮಿಲಿಮೀಟರಿಗಿಂತ ಕಿರಿದಾಗಿರುವುದಿಲ್ಲ. ಉಪಕರಣವೇ ಹೋಗದ ಜಾಗಕ್ಕೆ ಬ್ರಷ್ಷಿನ ಎಳೆ ಹೋಗುವುದೆಲ್ಲಿ ಬಂತು? ಆರನೇ ವಯಸ್ಸಿಗೆ ಹುಟ್ಟುವ, ಬಾಳೆಲ್ಲ ಜಗಿಯುವ ಭಾರ ಹೊರುವ ಈ ಹಲ್ಲಿನ ದುರ್ಬಲ ತಾಣ ಅದರ ಕವಲೇ. ನನ್ನ ಡಬ್ಬಿಯೊಳಗಿನ ಹಲ್ಲಿನಲ್ಲಿ ಗಾರೆ ಎಲ್ಲಕ್ಕಿಂತ ದಪ್ಪವಾಗಿ ಕೂತಿರುವುದೂ ಅಲ್ಲಿಯೇ.

ಹೊರಗಿನ ಈ ವಿಷ ಒಳಗಿನ ತಿರುಳನ್ನು ಮುಟ್ಟುವುದು ಮೂರು ದಾರಿಗಳಲ್ಲಿ. ಹೆದ್ದಾರಿಯೆಂದರೆ ಬೇರಿನ ತುದಿಯ ಆ ರಂಧ್ರ. ಎರಡನೆಯವು ಒಳದಾರಿಗಳು. ಮುಖ್ಯ ನಾಳದಿಂದ ಕವಲೊಡೆದು ಬೇರಿನ ಪಕ್ಕಕ್ಕೆ ತೆರೆದುಕೊಳ್ಳುವ ಕಿರುನಾಳಗಳು ಎಲ್ಲರ ಹಲ್ಲಿನಲ್ಲೂ ಇರಬೇಕೆಂದಿಲ್ಲ. ಬ್ರೆಜಿಲ್‌ನ ಡಿ ಡೇಯುಸ್ 1975ರಲ್ಲಿ 1,140 ಹಲ್ಲುಗಳನ್ನು ಪರೀಕ್ಷಿಸಿದಾಗ ನೂರಕ್ಕೆ 27.4ರಲ್ಲಿ ಇಂಥ ನಾಳ ಸಿಕ್ಕವು. ಹೆಚ್ಚಿನವು ತುದಿಯ ಭಾಗದಲ್ಲೇ ಇದ್ದವು. 1978ರಲ್ಲಿ ಅಮೆರಿಕದ ಗಟ್‌ಮನ್ 102 ದವಡೆ ಹಲ್ಲುಗಳಿಗೆ ಬಣ್ಣದ ದ್ರಾವಣ ಹಾಯಿಸಿ ನೋಡಿದಾಗ ನೂರಕ್ಕೆ 28.4 ಹಲ್ಲುಗಳ ಕವಲಿನ ಪ್ರದೇಶದಲ್ಲಿ ಬಣ್ಣ ಹೊರಬಂತು. ಹಾಗಾಗಿ ನಾಲ್ಕರಲ್ಲಿ ಒಂದು ದವಡೆ ಹಲ್ಲಿಗಾದರೂ ಕವಲಿನ ಗವಿಯಿಂದ ತಿರುಳಿನ ಕೋಣೆಗೆ ಹಿತ್ತಲ ಬಾಗಿಲಿದೆ ಎನ್ನಬಹುದು. ಮೂರನೆಯದು ಬರಿಗಣ್ಣಿಗೆ ಕಾಣದ ದಾರಿ. ಹಲ್ಲಿನ ಗೋಡೆಯಾದ ಡೆಂಟಿನ್ ಗಟ್ಟಿ ಕಲ್ಲಲ್ಲ. ಒಂದೆರಡು ಮೈಕ್ರಾನ್ ಅಗಲದ ಸಾವಿರಾರು ಸೂಕ್ಷ್ಮ ಕೊಳವೆಗಳು ಅದರ ಉದ್ದಗಲಕ್ಕೂ ಇವೆ. ಸಿಮೆಂಟಮ್ ಇರುವವರೆಗೆ ಅವುಗಳ ಹೊರಬಾಯಿ ಮುಚ್ಚಿರುತ್ತದೆ. ಅದು ಸವೆದರೆ, ಕೊಳೆತರೆ, ಕೆಲವೊಮ್ಮೆ ನಮ್ಮ ಕೆರೆತದಿಂದಲೇ ಎದ್ದುಹೋದರೆ, ಬಾಯಿ ತೆರೆದುಕೊಳ್ಳುತ್ತದೆ. ಕ್ಲೀನಿಂಗ್ ಮಾಡಿಸಿಕೊಂಡ ಮೇಲೆ ಒಂದೆರಡು ವಾರ ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುವುದು ಇದೇ ಕಾರಣಕ್ಕೆ. ಬರಬರುತ್ತ ಆ ಬಾಯಿಗಳು ಮತ್ತೆ ಮುಚ್ಚಿಕೊಳ್ಳುತ್ತವೆ, ಜುಮ್ಮು ಇಳಿಯುತ್ತದೆ.

ಇಷ್ಟೆಲ್ಲ ದಾರಿಗಳಿವೆ ಎಂದ ಮೇಲೆ ಒಸಡು ಕೆಟ್ಟ ಪ್ರತಿ ಹಲ್ಲಿನ ತಿರುಳೂ ಸಾಯಬೇಕಿತ್ತಲ್ಲ? ಸಾಯುವುದಿಲ್ಲ. ಈ ವಿಷಯದ ಅತ್ಯಂತ ಕುತೂಹಲದ ಭಾಗ ಇದೇ. ಇದರ ಬಗ್ಗೆ ವಿಜ್ಞಾನಿಗಳು ದಶಕಗಟ್ಟಲೆ ಜಗಳಾಡಿದ್ದಾರೆ. ಒಸಡಿನ ರೋಗದಿಂದ ತಿರುಳು ಕೆಡುತ್ತದೆಂದು 1919ರಲ್ಲೇ ಬ್ರಿಟನ್ನಿನ ಟರ್ನರ್ ಮತ್ತು ಡ್ರೂ ಬರೆದಿದ್ದರು. 1963ರಲ್ಲಿ ಫಿಲಡೆಲ್ಫಿಯಾದ ಸೆಲ್ಟ್ಸರ್, ಬೆಂಡರ್ ಮತ್ತು ಜಿಯಾಂಟ್ಜ್ ಸೂಕ್ಷ್ಮದರ್ಶಕದಡಿ ನೋಡಿ, ಹೌದು, ಒಸಡು ರೋಗವಿದ್ದ ಹಲ್ಲಿನ ತಿರುಳು ಸೊರಗಿರುತ್ತದೆ ಎಂದರು. ಮರುವರ್ಷವೇ ಮಜೂರ್ ಮತ್ತು ಮ್ಯಾಸ್ಲರ್ ಎಂಬಿಬ್ಬರು ಹಲ್ಲುಗಳನ್ನು ಪರೀಕ್ಷಿಸಿ ಅಂಥ ಯಾವ ನಂಟೂ ಕಾಣಲಿಲ್ಲ ಎಂದರು. ಎರಡೂ ಕಡೆಯವರು ಕಂಡದ್ದು ಸುಳ್ಳಲ್ಲ. ನೋಡಿದ ಹಲ್ಲುಗಳು ರೋಗದ ಬೇರೆ ಬೇರೆ ಘಟ್ಟದಲ್ಲಿದ್ದವು ಎಂದು ನಾನು ಅರ್ಥಮಾಡಿಕೊಳ್ಳುತ್ತೇನೆ.

ಗಂಟು ಬಹುಮಟ್ಟಿಗೆ ಬಿಡಿಸಿದ್ದು 1974ರಲ್ಲಿ ಕೋರೆ ಲ್ಯಾಂಗ್‌ಲ್ಯಾಂಡ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ. ಅವರು ಒಸಡು ರೋಗದಿಂದ ಹಾಳಾದ ಹಲ್ಲುಗಳನ್ನು ಕಿತ್ತು, ಪದರ ಪದರವಾಗಿ ಸೀಳಿ ನೋಡಿದರು. ಪಕ್ಕದ ಕಿರುನಾಳದ ಬಾಯಿಗೆ ಪಾಚಿ ಮುಟ್ಟಿದ್ದಲ್ಲಿ ತಿರುಳಿನ ಆ ಭಾಗ ಉರಿಗೊಂಡಿತ್ತು, ಕೆಲವೆಡೆ ಸುಣ್ಣಗಟ್ಟಿತ್ತು. ಆದರೆ ತಿರುಳು ಬದುಕಿತ್ತು. ಬೇರಿನ ತುದಿಯ ಮುಖ್ಯ ರಂಧ್ರಕ್ಕೆ ಪಾಚಿ ತಲುಪಿದ ಮೇಲಷ್ಟೇ ಅದು ಪೂರ್ತಿ ಸೋತಿತ್ತು. ಅದಾಗಿ ನಾಲ್ಕು ವರ್ಷಕ್ಕೆ ಸ್ವೀಡನ್ನಿನ ಬೆರ್ಗೆನ್‌ಹೋಲ್ಟ್ಸ್ ಮತ್ತು ಲಿಂಡೆ ಕೋತಿಗಳ ಮೇಲೆ ನಡೆಸಿದ ಪ್ರಯೋಗದಲ್ಲೂ ಒಸಡು ರೋಗ ತಂದ ಬದಲಾವಣೆಗಳು ಬಹುತೇಕ ಸೌಮ್ಯವಾಗಿದ್ದವು, ತೆರೆದ ಬೇರಿನ ನೇರಕ್ಕೆ ಮಾತ್ರ ಸೀಮಿತವಾಗಿದ್ದವು.

ತಿರುಳಿಗೆ ಈ ತಾಳಿಕೆ ಬಂದದ್ದೆಲ್ಲಿಂದ? ಅದು ಸುಮ್ಮನೆ ಕೂತು ಪೆಟ್ಟು ತಿನ್ನುವುದಿಲ್ಲ. ತಿರುಳಿನೊಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿರುವುದರಿಂದ ಆ ಸೂಕ್ಷ್ಮ ಕೊಳವೆಗಳಲ್ಲಿ ದ್ರವ ಸದಾ ಹೊರಮುಖವಾಗಿ ಜಿನುಗುತ್ತಿರುತ್ತದೆ. ಒಳನುಗ್ಗುವ ವಿಷ ಹೊಳೆಗೆದುರು ಈಜಿದ ಹಾಗೆ ಬರಬೇಕು. ಬಂದದ್ದನ್ನು ರಕ್ತದ ಹರಿವು ತೊಳೆದು ಒಯ್ಯುತ್ತದೆ. ಪೆಟ್ಟು ಬಿದ್ದ ಕಡೆ ಕೊಳವೆಗಳು ಖನಿಜ ತುಂಬಿ ಮುಚ್ಚಿಕೊಳ್ಳುತ್ತವೆ. ತಿರುಳಿನ ಅಂಚಿನ ಜೀವಕೋಶಗಳು ಒಳಗಿನಿಂದ ಹೊಸ ಡೆಂಟಿನ್ ಬಳಿದು ಗೋಡೆ ದಪ್ಪ ಮಾಡುತ್ತವೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಕೋಣೆ ಕಿರಿದಾಗುತ್ತದೆ, ತಿರುಳು ನಾರುನಾರಾಗುತ್ತದೆ, ಅಲ್ಲಲ್ಲಿ ಸುಣ್ಣದ ಹರಳು ಕಟ್ಟುತ್ತದೆ. ವರ್ಷಗಟ್ಟಲೆ ಒಸಡು ರೋಗವಿದ್ದ ಹಲ್ಲಿನ ಎಕ್ಸ್‌ರೇಯಲ್ಲಿ ಬೇರಿನ ನಾಳ ಪೆನ್ಸಿಲಿನ ಗೆರೆಯಷ್ಟು ತೆಳುವಾಗಿ ಕಾಣುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತಿರುಳು ವಯಸ್ಸಿಗೆ ಮುಂಚೆ ಮುದಿಯಾಗಿದೆ, ಆದರೂ ಉಸಿರಾಡುತ್ತಿದೆ. ತನ್ನ ಅನ್ನದ ಬಾಗಿಲಿಗೇ ಪಾಚಿ ಬಂದು ಕೂತ ದಿನ ಅದರ ಹೋರಾಟ ಮುಗಿಯುತ್ತದೆ. ಡಬ್ಬಿಯ ಹಲ್ಲಿನಲ್ಲಿ ಹಿಂದಿನ ಬೇರಿನ ತುದಿಗೆ ಅಂಟಿದ ಗಾರೆ ಆ ದಿನದ ಗುರುತು.

ದವಡೆ ಹಲ್ಲಿನಲ್ಲಿ ಇನ್ನೊಂದು ತೊಡಕಿದೆ. ಬೇರು ಎರಡಿದ್ದರೆ ಬಾಗಿಲೂ ಎರಡು. ಒಂದು ಬೇರಿನ ತುದಿಗೆ ರೋಗ ಮುಟ್ಟಿ ಅಲ್ಲಿನ ತಿರುಳು ಸತ್ತು, ಪಕ್ಕದ ಬೇರಿನದು ಜೀವಂತವಿರುವ ಘಟ್ಟ ಬರುತ್ತದೆ. ಆಗ ಹಲ್ಲಿಗೆ ತಣ್ಣನೆಯದು ಮುಟ್ಟಿಸಿದರೆ ಜುಮ್ಮೆನ್ನುತ್ತದೆ, ಕಚ್ಚಿದರೆ ನೋಯುತ್ತದೆ, ಎಕ್ಸ್‌ರೇ ಒಂದು ಹೇಳಿದರೆ ಪರೀಕ್ಷೆ ಇನ್ನೊಂದು ಹೇಳುತ್ತದೆ. ನನ್ನ ರೋಗಿ ಬಂದ ಹೊತ್ತಿಗೆ ಆ ಘಟ್ಟ ದಾಟಿತ್ತು. ಎರಡು ವರ್ಷದ ಹಿಂದೆ ಐಸ್‌ಕ್ಯಾಂಡಿ ತಿಂದರೆ ತಡೆಯಲಾಗದಷ್ಟು ಜುಮ್ಮೆನ್ನುತ್ತಿತ್ತು, ಆಮೇಲೆ ತಾನಾಗಿ ಹೋಯಿತು ಎಂದು ಅವರೇ ನೆನಪಿಸಿಕೊಂಡರು. ವಾಸಿಯಾಯಿತೆಂದು ಅವರು ನೆಮ್ಮದಿಪಟ್ಟ ಆ ದಿನಗಳಲ್ಲೇ ತಿರುಳು ಸತ್ತಿರಬೇಕು. ಮೂರು ರಾತ್ರಿ ಕಾಡಿದ ನೋವು ಹಲ್ಲಿನೊಳಗಿನದ್ದಲ್ಲ, ಬೇರಿನಾಚೆ ಕಟ್ಟಿದ ಕೀವಿನದು.

ಇದೇ ದಾರಿಯಲ್ಲಿ ರೋಗ ಎದುರು ದಿಕ್ಕಿಗೂ ಸಾಗುತ್ತದೆ. ಹುಳುಕಿನಿಂದಲೋ ಪೆಟ್ಟಿನಿಂದಲೋ ತಿರುಳು ಮೊದಲು ಸತ್ತರೆ, ಅಲ್ಲಿನ ಕೀವು ತುದಿಯಿಂದಲೋ ಕವಲಿನ ಕಿರುನಾಳದಿಂದಲೋ ಹೊರಬಂದು, ನಾರಿನ ಪದರವನ್ನು ಸೀಳಿಕೊಂಡು ಒಸಡಿನಂಚಿಗೆ ಏರುತ್ತದೆ. ಕವಲಿನ ಮೂಳೆ ಕರಗುತ್ತದೆ, ಒಸಡು ಊದುತ್ತದೆ. ನೋಡಿದವರಿಗೆ ಒಸಡು ರೋಗವೆಂದೇ ಅನ್ನಿಸುತ್ತದೆ. ಕೆಲಸ ಶುರುಮಾಡಿದ ಹೊಸತರಲ್ಲಿ ನಾನೇ ಹಾಗೆ ಮೋಸಹೋಗಿದ್ದೇನೆ. ಹಳೆಯ ದೊಡ್ಡ ಫಿಲ್ಲಿಂಗ್ ಇದ್ದ ದವಡೆ ಹಲ್ಲು, ಕವಲಿನಲ್ಲಿ ಮೂಳೆ ಇಲ್ಲ, ಒಸಡಿನಂಚಿನಲ್ಲಿ ಕೀವು. ಎರಡು ಸಲ ಆಳವಾಗಿ ಕೆರೆದೆ. ಏನೂ ಗುಣವಾಗಲಿಲ್ಲ. ಆ ಹಲ್ಲಿನ ತಿರುಳು ಬದುಕಿದೆಯೇ ಎಂದು ಮೊದಲು ಪರೀಕ್ಷಿಸಿರಲಿಲ್ಲ. ಕೊನೆಗೆ ಪರೀಕ್ಷಿಸಿ, ಸತ್ತಿರುವುದು ಗೊತ್ತಾಗಿ ರೂಟ್ ಕೆನಾಲ್ ಮಾಡಿದ ಮೇಲೆ ಕೀವು ನಿಂತಿತು. ಕೆಲವು ತಿಂಗಳ ಮೇಲೆ ತೆಗೆದ ಎಕ್ಸ್‌ರೇಯಲ್ಲಿ ಕವಲಿನೊಳಗೆ ಮೂಳೆ ಮತ್ತೆ ತುಂಬಿಕೊಳ್ಳುತ್ತಿತ್ತು. ಆದರೆ ನಾನು ಕೆರೆದ ಬೇರಿನ ಮಗ್ಗುಲಲ್ಲಿ ಮಾತ್ರ ಅಷ್ಟು ತುಂಬಿರಲಿಲ್ಲ. ಜೀವವಿದ್ದ ನಾರುಗಳನ್ನು ಅಲ್ಲಿ ನಾನೇ ಕಿತ್ತು ಹಾಕಿದ್ದೆ. ಆ ಎಕ್ಸ್‌ರೇಯನ್ನು ಇವತ್ತಿಗೂ ಮರೆತಿಲ್ಲ.

ಒಳಗಿನಿಂದ ಹೊರಕ್ಕೋ, ಹೊರಗಿನಿಂದ ಒಳಕ್ಕೋ ಎಂಬುದನ್ನು ಮೊದಲು ತಿಳಿಯಬೇಕೆಂದು ಇವುಗಳನ್ನು ವಿಂಗಡಿಸಿ ಹೇಳಿದವರು ಸೈಮನ್, ಗ್ಲಿಕ್ ಮತ್ತು ಫ್ರಾಂಕ್, 1972ರಲ್ಲಿ. ಇತಿಹಾಸ ಹುಡುಕುವುದಕ್ಕಿಂತ ಬೇರಿಗೆ ಬಿರುಕು ಅಥವಾ ರಂಧ್ರ ಬಿದ್ದಿದೆಯೇ, ಬಾಯಿಯಲ್ಲಿ ಬೇರೆಡೆ ಒಸಡು ರೋಗವಿದೆಯೇ ಎಂದು ನೋಡಿ ಎಂದು 2018ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ವರ್ಗೀಕರಣ ಹೇಳುತ್ತದೆ. ನನ್ನ ಮಟ್ಟಿಗೆ ಎರಡೂ ಬೇಕು. ಕೈಯಲ್ಲಿರುವ ಸಾಧನಗಳೋ ಬಹಳ ಸರಳ. ಹತ್ತಿಯುಂಡೆಗೆ ತಣ್ಣನೆಯ ಸ್ಪ್ರೇ ಹೊಡೆದು ಹಲ್ಲಿಗೆ ಮುಟ್ಟಿಸುವುದು ಒಂದು. ಮಿಲಿಮೀಟರ್ ಗುರುತುಗಳಿರುವ ಮೊಂಡು ಕಡ್ಡಿಯನ್ನು ಒಸಡಿನ ಸಂದಿಯಲ್ಲಿ ಸುತ್ತಲೂ ನಡೆಸುವುದು ಇನ್ನೊಂದು. ಒಸಡು ರೋಗದ ಚೀಲ ಬಾಯಗಲದ್ದು. ಕಡ್ಡಿ 4, 5, 7, 6 ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಏರುತ್ತದೆ. ಒಳಗಿನ ಕೀವಿನ ದಾರಿಯಾದರೆ 2, 2 ಎಂದು ಹೋಗುತ್ತಿದ್ದ ಕಡ್ಡಿ ಒಂದು ಕಡೆ ಕೊಳವೆಬಾವಿಗೆ ಬಿದ್ದಂತೆ ದಿಢೀರನೆ 10ಕ್ಕೆ ಇಳಿಯುತ್ತದೆ. ಬೇರು ಬಿರುಕು ಬಿಟ್ಟಿದ್ದರೂ ಹೀಗೇ ಆಗುವುದರಿಂದ ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಒಳಗಿನದಷ್ಟೇ ಕಾರಣವಾದರೆ ರೂಟ್ ಕೆನಾಲ್ ಒಂದೇ ಸಾಕು, ಮೂಳೆ ಮರಳಿ ಬರುತ್ತದೆ. ಹೊರಗಿನದಷ್ಟೇ ಆಗಿ ತಿರುಳು ಜೀವಂತವಿದ್ದರೆ ಒಸಡಿನ ಚಿಕಿತ್ಸೆ ಸಾಕು, ನರ ತೆಗೆಯುವ ಅಗತ್ಯವಿಲ್ಲ. ಎರಡೂ ಕೂಡಿದ್ದರೆ ಮೊದಲು ರೂಟ್ ಕೆನಾಲ್, ಅದರ ಫಲ ನೋಡಿಕೊಂಡು ಒಸಡಿನ ಕೆಲಸ. ಅಂಥ ಹಲ್ಲು ಉಳಿಯುವುದೋ ಬಿಡುವುದೋ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಒಸಡಿನ ಭಾಗವೇ; ರೋಗದಿಂದ ಕರಗಿದ ಮೂಳೆ ಹಿಂದಿನಂತೆ ತುಂಬಿಕೊಳ್ಳುವುದು ಅಪರೂಪ. ಒಂದೇ ಬೇರು ಹಾಳಾಗಿದ್ದರೆ ಅದನ್ನಷ್ಟೇ ಕತ್ತರಿಸಿ ತೆಗೆದು ಉಳಿದ ಬೇರಿನ ಮೇಲೆ ಹಲ್ಲನ್ನು ನಿಲ್ಲಿಸುವ ಉಪಾಯವೂ ಇದೆ. ಡಬ್ಬಿಯ ಹಲ್ಲಿಗೆ ಅದನ್ನೂ ಯೋಚಿಸಿದ್ದೆ. ಮುಂದಿನ ಬೇರಿಗೂ ಮೂಳೆಯ ಆಸರೆ ಉಳಿದಿರಲಿಲ್ಲ.

"ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡ್ತವೆ ಅಂತ ನಮ್ಮ ಕಡೆ ಹೇಳ್ತಾರೆ, ಅದಕ್ಕೇ ಬರಲಿಲ್ಲ" ಎಂದು ಹಲ್ಲು ಕಿತ್ತ ದಿನ ಆ ತಾಯಿ ಹೇಳಿದರು. ಈ ಮಾತನ್ನು ಕೇಳದ ವಾರವೇ ಇಲ್ಲ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಮೂಳೆ ಕರಗಿದ ಹಲ್ಲನ್ನು ಗಾರೆಯೇ ಪಕ್ಕದ ಹಲ್ಲಿಗೆ ಬೆಸೆದು ಅಲ್ಲಾಡದಂತೆ ಹಿಡಿದಿರುತ್ತದೆ. ಗಾರೆ ತೆಗೆದಾಗ ಮೊದಲೇ ಇದ್ದ ಸಡಿಲು ಕಾಣಿಸುತ್ತದೆ. ಹಲ್ಲನ್ನು ಸಡಿಲಿಸಿದ್ದು ಕ್ಲೀನಿಂಗ್ ಅಲ್ಲ, ಅದಕ್ಕೂ ಮುಂಚಿನ ಹತ್ತು ವರ್ಷ. ಆದರೆ ಊರಿನಲ್ಲಿ ಓಡಾಡುವುದು 'ಕ್ಲೀನಿಂಗ್ ಮಾಡಿಸಿದೆ, ಹಲ್ಲು ಅಲ್ಲಾಡಿತು' ಎಂಬಷ್ಟೇ ಮಾತು. ಆ ಮಾತಿಗೆ ಹೆದರಿದವರು ಜುಮ್ಮು ಬಂದಾಗಲೂ ಬರುವುದಿಲ್ಲ, ಜುಮ್ಮು ಹೋದಾಗಲೂ ಬರುವುದಿಲ್ಲ, ಕೀವು ಕಟ್ಟಿದ ಮೇಲೆ ಬರುತ್ತಾರೆ.

ಗಾಯ ಮಾದ ಮೇಲೆ ಅವರು ಮತ್ತೆ ಬಂದರು. ಈ ಸಲ ಕೆನ್ನೆ ಹಿಡಿದುಕೊಂಡಿರಲಿಲ್ಲ. "ಆ ಕಡೇದೂ ಹೋಗೋದಕ್ಕೆ ಮುಂಚೆ ನೋಡಿಬಿಡಿ" ಎಂದು ಕುರ್ಚಿಯಲ್ಲಿ ಕೂತರು. ಎದುರು ಬದಿಯ ದವಡೆ ಹಲ್ಲಿನ ಸುತ್ತ ಕಡ್ಡಿ ನಡೆಸಿದೆ. 4, 5, 6, 5. ಬಾಗಿದ ಇನ್ನೊಂದು ಕಡ್ಡಿಯನ್ನು ಕವಲಿಗೆ ಹಾಕಿದಾಗ ಅದು ಬಾಗಿಲಿನಷ್ಟು ದೂರ ಹೋಗಿ ನಿಂತಿತು, ಒಳಗಿನ ಗವಿಗೆ ಇಳಿಯಲಿಲ್ಲ. ಎಕ್ಸ್‌ರೇಯಲ್ಲಿ ಬೇರುಗಳ ಕೆಳ ಅರ್ಧದ ಸುತ್ತ ಮೂಳೆ ಬೆಳ್ಳಗೆ ಕಾಣುತ್ತಿತ್ತು. "ತಣ್ಣಗಾದ ಕೂಡಲೇ ಕೈ ಎತ್ತಿ, ಹೋದ ಕೂಡಲೇ ಇಳಿಸಿ" ಎಂದು ಹೇಳಿ ಹತ್ತಿಯುಂಡೆಯನ್ನು ಹಲ್ಲಿಗೆ ಮುಟ್ಟಿಸಿದೆ. ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಮೂರಕ್ಕೆ ಅವರ ಎಡಗೈ ಮೇಲೆದ್ದಿತು. ಹತ್ತಿ ತೆಗೆದ ಎರಡು ಕ್ಷಣಕ್ಕೆ ಮೆಲ್ಲಗೆ ಇಳಿಯಿತು.

"ಇದು ಬದುಕಿದೆಯಮ್ಮಾ" ಎಂದೆ.